ಗಾಳಿಯಂತ್ರ, ವಿದ್ಯುತ್ ತಂತಿ ಮತ್ತು ರೈತನ ಜಮೀನು

ಗಾಳಿಯಿಂದ ವಿದ್ಯುತ್ ತಯಾರಿಸುವ ಯಂತ್ರಗಳು ಬಯಲುಸೀಮೆಯ ರೈತರಿಗೆ ಈಗ ಹೊಸತಲ್ಲ. ಭಾರತದಲ್ಲಿ 1986ರಲ್ಲಿ ಓಖಾ, ತೂತ್ತುಕುಡಿ, ರತ್ನಗಿರಿ ಮುಂತಾದ ಕಡಲತೀರದ ಸ್ಥಳಗಳಲ್ಲಿ ಇವುಗಳ ಮೊದಲ ಗುಂಪುಗಳು ತಲೆಯೆತ್ತಿದವು. ಆ ಬಳಿಕ ಚಿತ್ರದುರ್ಗದ ಜೋಗಿಮಟ್ಟಿ, ಗದಗಿನ ಕಪ್ಪತಗುಡ್ಡಗಳ ಮೇಲೂ ಯಂತ್ರಗಳು ನಿಂತವು. 2025ರ ಮಾರ್ಚ್ ಅಂತ್ಯಕ್ಕೆ ಕರ್ನಾಟಕದ ಗಾಳಿಯಂತ್ರಗಳ ಒಟ್ಟು ಸಾಮರ್ಥ್ಯ 7,000 ಮೆಗಾವ್ಯಾಟ್ ದಾಟಿತ್ತು.

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಹೆದ್ದಾರಿಯಲ್ಲಿ ಟ್ರೈಲರಿನ ಮೇಲೆ ಸಾಗುವ ಉದ್ದನೆಯ ರೆಕ್ಕೆಗಳನ್ನು ಕಂಡವರಿದ್ದಾರೆ. 'ಪಾಳುಬಿದ್ದ ಹಕ್ಕಲು ಜಮೀನಿನಲ್ಲಿ ಇಂಥದೊಂದನ್ನು ನಿಲ್ಲಿಸಿದರೆ ಬಾಡಿಗೆ ಬಾರದೇ?' ಎಂದು ರೈತರು ಕೇಳುವುದುಂಟು. ಇದಕ್ಕೆ ಉತ್ತರ ಹೇಳುವ ಮೊದಲು ಗಾಳಿಯ ಲೆಕ್ಕವನ್ನೂ ಜಮೀನಿನ ಹಕ್ಕನ್ನೂ ತಿಳಿಯುವುದು ಅವಶ್ಯ.

ಗಾಳಿಯ ಲೆಕ್ಕ

ಗಾಳಿಯ ವೇಗ ಇಮ್ಮಡಿಯಾದರೆ ಅದರಿಂದ ದೊರೆಯುವ ಶಕ್ತಿ ಎಂಟು ಪಟ್ಟಾಗುತ್ತದೆ. ಸೆಕೆಂಡಿಗೆ 4 ಮೀಟರ್ ವೇಗದ ಗಾಳಿಗೆ ಹೋಲಿಸಿದರೆ 6 ಮೀಟರ್ ವೇಗದ ಗಾಳಿಯಲ್ಲಿ ಮೂರು ಪಟ್ಟಿಗೂ ಹೆಚ್ಚು ಶಕ್ತಿಯಿರುತ್ತದೆ. ಆದುದರಿಂದಲೇ ವರ್ಷದ ಬಹುಕಾಲ ತಡೆಯಿಲ್ಲದೆ ಬೀಸುವ ಗಾಳಿಯನ್ನು ಹುಡುಕಿಕೊಂಡು ಯಂತ್ರಗಳು ಬೋಳುಗುಡ್ಡಗಳ ನೆತ್ತಿಗೆ ಹೋಗುತ್ತವೆ. ಕರಾವಳಿಯಲ್ಲಿ ಮಳೆಗಾಲದ ಗಾಳಿ ಜೋರಾಗಿದ್ದರೂ ಉಳಿದ ತಿಂಗಳುಗಳಲ್ಲಿ ಅದು ಇಳಿಯುತ್ತದೆ. ತೆಂಗು, ಅಡಿಕೆ, ಹಾಡಿಗಳು ನೆಲದ ಹತ್ತಿರದ ಗಾಳಿಯನ್ನು ಇನ್ನಷ್ಟು ತಡೆಯುತ್ತವೆ.

ಇನ್ನೊಂದು ಅಡ್ಡಿ ಊರಿನ ರಚನೆಯದು. ಕೇಂದ್ರ ಸರಕಾರದ 2016ರ ಮಾರ್ಗಸೂಚಿಯಂತೆ ಗಾಳಿಯಂತ್ರಕ್ಕೂ ವಾಸದ ಮನೆಗೂ ಕನಿಷ್ಠ 500 ಮೀಟರ್ ಅಂತರವಿರಬೇಕು. ಬಯಲುಸೀಮೆಯಲ್ಲಿ ಮನೆಗಳೆಲ್ಲ ಊರೊಳಗೆ ಒತ್ತಾಗಿದ್ದು ಹೊಲಗಳು ದೂರ ಹರಡಿರುತ್ತವೆ. ಇಲ್ಲಿ ಹಾಗಲ್ಲ, ಬೈಲಿನ ಅಂಚಿಗೆ, ತೋಟದ ನಡುವೆ, ಬೆಟ್ಟಿನ ಮೇಲೆ ಒಂದೊಂದು ಮನೆ. ಸುತ್ತ 500 ಮೀಟರಿನೊಳಗೆ ಮನೆಯಿಲ್ಲದ ಜಾಗ ದೊರೆಯುವುದು ಬಲು ಕಷ್ಟ. ಕೊಲ್ಲೂರಿನ ಸುತ್ತಲ ಘಟ್ಟದ ಕಾಡು ಮೂಕಾಂಬಿಕಾ ವನ್ಯಜೀವಿಧಾಮಕ್ಕೆ ಸೇರಿದೆ. ಹೀಗಾಗಿ ಕೇವಲ ಮಾತು ನಂಬಿ ಮುಂಗಡ ಕೊಡುವುದಾಗಲಿ, ಕಾಗದಕ್ಕೆ ಸಹಿ ಹಾಕುವುದಾಗಲಿ ಜಾಣತನವಲ್ಲ.

ಯಂತ್ರ ಬಂದ ಊರಿನಲ್ಲಿ ಆಗುವುದೇನು?

ಈಗಿನ ಯಂತ್ರದ ಗೋಪುರ 100 ಮೀಟರಿಗೂ ಎತ್ತರ. ರೆಕ್ಕೆ 60 ಮೀಟರಿಗೂ ಉದ್ದ. ಗೋಪುರದ ಬುಡ ಮತ್ತು ಕ್ರೇನು ನಿಲ್ಲುವ ಜಾಗ ಬಿಟ್ಟರೆ ಉಳಿದ ಹೊಲದಲ್ಲಿ ಬೇಸಾಯ ನಡೆಸಬಹುದು. ಇದು ಅನುಕೂಲದ ಸಂಗತಿ. ಆದರೆ ಅಷ್ಟುದ್ದದ ರೆಕ್ಕೆ ಸಾಗಿಸಲು ಅಗಲವಾದ, ತಿರುವು ಕಡಿಮೆಯಿರುವ ರಸ್ತೆ ಬೇಕು. ಗುಡ್ಡ ಕಡಿದು ಮಾಡಿದ ರಸ್ತೆಗೆ ಸರಿಯಾದ ಚರಂಡಿಯಿಲ್ಲದಿದ್ದರೆ ಮಣ್ಣು ಕೊಚ್ಚಿ ಕೆಳಗಿನ ಹೊಲಕ್ಕೆ ಬರುತ್ತದೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಉಡುಪಿ ಜಿಲ್ಲೆಯಲ್ಲಂತೂ ಗುಡ್ಡ ಕಡಿಯುವ ಯಾವ ಕೆಲಸಕ್ಕೂ ಈ ಎಚ್ಚರಿಕೆ ಬೇಕು. ಮತ್ತೊಂದು ಮಾತು: ಹಣ ಬರುವುದು ಗೋಪುರ ನಿಂತ ಜಮೀನಿನ ಒಡೆಯನಿಗೆ, ಸದ್ದು, ನೆರಳಾಟ, ಧೂಳು ಪಕ್ಕದವನಿಗೂ ತಪ್ಪದು. ನೆರೆಹೊರೆಯ ಮನಸ್ತಾಪಕ್ಕೆ ಇದೇ ಮೂಲವಾಗುತ್ತದೆ.

ತಂತಿಯ ದಾರಿ

ಯಂತ್ರ ಬಾರದ ಊರಿಗೂ ತಂತಿ ಬರಬಹುದು. ವಿದ್ಯುತ್ತು ಗಾಳಿಯದಾಗಲಿ, ಹೊಸಂಗಡಿಯ ವರಾಹಿ ಭೂಗರ್ಭ ವಿದ್ಯುದಾಗಾರದಂತೆ ನೀರಿನದಾಗಲಿ, ಅದನ್ನು ಸಾಗಿಸುವ ತಂತಿ ರೈತನ ತೋಟದ ಮೇಲೆಯೇ ಹಾಯಬೇಕು. ಈ ಮೂರು ತಾಲೂಕುಗಳ ರೈತರಿಗೆ ಹೆಚ್ಚು ಹತ್ತಿರದ ವಿಷಯ ಇದೇ.

110 ಕಿಲೋವೋಲ್ಟ್ ತಂತಿಗೆ 22 ಮೀಟರ್, 220 ಕಿಲೋವೋಲ್ಟಿಗೆ 35 ಮೀಟರ್ ಅಗಲದ ಪಟ್ಟಿ ಬೇಕು. ಈ ಪಟ್ಟಿಯಲ್ಲಿ ತೆಂಗು, ಅಡಿಕೆಯಂತಹ ಎತ್ತರದ ಮರಗಳನ್ನು ಉಳಿಸುವಂತಿಲ್ಲ. 220 ಕಿಲೋವೋಲ್ಟ್ ತಂತಿ ಒಂದು ತೋಟವನ್ನು 60 ಮೀಟರ್ ಉದ್ದಕ್ಕೆ ದಾಟಿತೆನ್ನಿ. 2,100 ಚದರ ಮೀಟರ್, ಅಂದರೆ ಅರ್ಧ ಎಕರೆಗಿಂತ ತುಸು ಹೆಚ್ಚು ಜಾಗ ಇದರಡಿ ಬರುತ್ತದೆ. 2.7 ಮೀಟರ್ ಅಂತರದಲ್ಲಿ ನೆಟ್ಟ ಅಡಿಕೆಯಾದರೆ ಸುಮಾರು 288 ಮರ, 7.5 ಮೀಟರ್ ಅಂತರದ ತೆಂಗಾದರೆ 37 ಮರ ಹೋಗುತ್ತವೆ. ಜಮೀನು ಪಹಣಿಯಲ್ಲಿ ರೈತನದಾಗಿಯೇ ಉಳಿದರೂ ಮತ್ತೆ ಅಲ್ಲಿ ತೋಟ ಏಳದು. ಭತ್ತ, ತರಕಾರಿ, ಅನಾನಸು, ಅರಿಸಿನದಂತಹ ಗಿಡ್ಡ ಬೆಳೆಗಳಿಗಷ್ಟೇ ಅವಕಾಶ.

ಆದ್ದರಿಂದ ಪರಿಹಾರ ಕೇಳುವಾಗ ಕಡಿದ ಮರಗಳ ಬೆಲೆಯೊಂದನ್ನೇ ಹಿಡಿಯಬಾರದು. ಭೂಮಿಯ ಬೆಲೆ ಇಳಿದುದಕ್ಕೂ ಕೇಳಬೇಕು. ಕೇಂದ್ರ ವಿದ್ಯುತ್ ಮಂತ್ರಾಲಯದ 2024ರ ಜೂನ್ ಮಾರ್ಗಸೂಚಿಯಲ್ಲಿ ಗೋಪುರದಡಿಯ ಭೂಮಿಗೆ ಅದರ ಬೆಲೆಯ ಇಮ್ಮಡಿ, ತಂತಿಯ ಪಟ್ಟಿಗೆ ಬೆಲೆಯ ಶೇಕಡಾ 30 ಎಂದು ಹೇಳಿದೆ. ಜಾರಿಗೆ ಬರುವುದು ರಾಜ್ಯ ಒಪ್ಪಿದ ದರವಾದುದರಿಂದ ಜಿಲ್ಲಾಧಿಕಾರಿಗಳ ಕಛೇರಿಯಲ್ಲಿ ವಿಚಾರಿಸತಕ್ಕದ್ದು. 1885ರ ಟೆಲಿಗ್ರಾಫ್ ಶಾಸನದ ಅಧಿಕಾರದಿಂದ ಎಳೆದ ತಂತಿಯಾದರೆ, ಪರಿಹಾರ ಸಾಲದೆಂದು ಕಂಡವರು ಜಿಲ್ಲಾ ನ್ಯಾಯಾಧೀಶರಿಗೆ ಅರ್ಜಿ ಸಲ್ಲಿಸಬಹುದು.

ಸಹಿ ಮಾಡುವ ಮುನ್ನ

1. ಹಕ್ಕನ್ನು ನೋಡಿಕೊಳ್ಳಿ. ವರ್ಗ ಜಮೀನಿನ ಗಡಿಯಿಂದ ಸುಮಾರು 100 ಗಜದೊಳಗಿನ ಕುಮ್ಕಿ ಸರಕಾರಿ ಭೂಮಿ. ಅಲ್ಲಿ ಸೊಪ್ಪು, ಮೇವುಗಳ ಸೌಲಭ್ಯವುಂಟೇ ಹೊರತು ಅದನ್ನು ಬಾಡಿಗೆಗೆ ಕೊಡುವ ಹಕ್ಕಿಲ್ಲ.

2. ಪಾಲುದಾರರ ಒಪ್ಪಿಗೆ ಪಡೆಯಿರಿ. ಅವಿಭಕ್ತ ಕುಟುಂಬದ, ಮುಖ್ಯವಾಗಿ ಅಳಿಯಸಂತಾನ ಕಟ್ಟಿನ ಮನೆತನಗಳ ಜಮೀನು ಒಬ್ಬರ ಹೆಸರಿನಲ್ಲಿದ್ದರೂ ಹಲವರ ಪಾಲಿರಬಹುದು. ಬೈಂದೂರು, ಬ್ರಹ್ಮಾವರ ತಾಲೂಕುಗಳು ಆರಂಭವಾದದ್ದು 2018ರಲ್ಲಿ. ಹಳೆಯ ದಾಖಲೆಗಳಲ್ಲಿ ಕುಂದಾಪುರ, ಉಡುಪಿ ತಾಲೂಕೆಂದೇ ಇರುತ್ತದೆ.

3. ಕೃಷಿ ಭೂಮಿಯನ್ನು ಗೇಣಿಗೆ ಕೊಡಲು ಭೂ ಸುಧಾರಣಾ ಶಾಸನದ ನಿರ್ಬಂಧವಿದೆ. ಭೂ ಪರಿವರ್ತನೆಯ ನಿಯಮಗಳು ಆಗಾಗ ತಿದ್ದುಪಡಿಯಾಗುವುದರಿಂದ ತಹಶೀಲ್ದಾರರ ಕಛೇರಿಯಲ್ಲಿ ಕೇಳಿ ತಿಳಿಯಿರಿ.

4. ಒಂದು ವರ್ಷಕ್ಕೆ ಮೀರಿದ ಕರಾರನ್ನು ನೋಂದಾಯಿಸಲೇಬೇಕು. ಕರಾರು ಕನ್ನಡದಲ್ಲಿರಲಿ, ಒಂದು ಪ್ರತಿ ಮನೆಯಲ್ಲಿರಲಿ.

5. ಬಾಡಿಗೆ ಎಷ್ಟು ವರ್ಷಕ್ಕೊಮ್ಮೆ ಏರುತ್ತದೆ, ಕಂಪನಿ ಕೈ ಬದಲಾದರೆ ಹೊಣೆ ಯಾರದು ಎಂಬುದನ್ನು ಬರೆಸಿಕೊಳ್ಳಿ.

6. ಗಾಳಿಯಂತ್ರದ ಆಯುಷ್ಯ 20ರಿಂದ 25 ವರ್ಷ. ಆ ಬಳಿಕ ಗೋಪುರ ಬಿಚ್ಚಿ, ಕಾಂಕ್ರೀಟು ತೆಗೆದು, ಮೇಲ್ಮಣ್ಣು ಹಾಸಿ ಕೊಡುವ ಹೊಣೆಯನ್ನೂ ಅದಕ್ಕೆ ಠೇವಣಿಯನ್ನೂ ಕರಾರಿನಲ್ಲಿ ಸೇರಿಸಿ. ಇಲ್ಲವಾದರೆ ಕಾಂಕ್ರೀಟಿನ ಗಟ್ಟಿ ಮಕ್ಕಳ ಪಾಲಿಗೆ ಉಳಿದೀತು.

7. ತಂತಿಯ ಅಳತೆಗೆ ಬಂದ ದಿನವೇ ಮರಗಳನ್ನು ಎಣಿಸಿ, ವಯಸ್ಸು ಮತ್ತು ಇಳುವರಿಯನ್ನು ಬರೆದಿಡಿ. ಫೋಟೋ ತೆಗೆಸಿ, ಮಹಜರಿನ ಪ್ರತಿ ಪಡೆಯಿರಿ. ಮರ ಕಡಿದ ಮೇಲೆ ಸಾಕ್ಷ್ಯ ಸಿಗದು.

ನಾಡಿಗೆ ವಿದ್ಯುತ್ತು ಬೇಕು; ರೈತನ ಪಂಪಿಗೂ ಬೇಕು. ಯೋಜನೆ ಬಂದಾಗ ಒಬ್ಬೊಬ್ಬರೇ ಮಾತಿಗೆ ಕುಳಿತರೆ ಒಬ್ಬೊಬ್ಬರಿಗೆ ಒಂದೊಂದು ದರವಾಗುತ್ತದೆ. ತಂತಿಯ ದಾರಿಯಲ್ಲಿರುವ ರೈತರೆಲ್ಲರೂ ಒಟ್ಟಾಗಿ, ಕಾನೂನು ಬಲ್ಲವರಿಂದ ಕಾಗದ ಓದಿಸಿ ಮುಂದುವರಿಯುವುದು ಕ್ಷೇಮ. ವಿಸ್ತರಣಾ ಕಾರ್ಯಕರ್ತರು ಗ್ರಾಮಸಭೆಯಲ್ಲಿ ಈ ವಿಷಯಗಳನ್ನು ಮುಂಚಿತವಾಗಿ ತಿಳಿಸಿದರೆ ರೈತರಿಗೆ ದೊಡ್ಡ ಉಪಕಾರವಾದೀತು.