ಗಡಿಸೀಮೆಯ ವಲಸೆ ಹಕ್ಕಿಗಳು: ನೋಡುವ ಮತ್ತು ಚಿತ್ರ ತೆಗೆಯುವ ಬಗೆ



ಕಬ್ಬು ಅರೆಯುವ ಹಂಗಾಮೂ ದೂರದ ಹಕ್ಕಿಗಳು ನಮ್ಮ ಸೀಮೆಗೆ ಬಂದು ತಂಗುವ ಕಾಲವೂ ಬಹುಮಟ್ಟಿಗೆ ಒಂದೇ. ಕಟಾವಿನ ಆಳು, ಗಾಡಿ, ತೂಕದ ಚೀಟಿ ಎಂದು ಓಡಾಡುವ ದಿನಗಳಲ್ಲಿ ತಲೆಯೆತ್ತಿ ನೋಡಲು ಪುರಸೊತ್ತು ಕಡಿಮೆ ಎಂಬುದು ನಿಜವೇ. ಆದರೆ ರಾಯದುರ್ಗ, ಮಡಕಶಿರ ಕಡೆಯ ನಮ್ಮ ಸದಸ್ಯರಲ್ಲಿ ಅನೇಕರು ಬೆಳಗಾಗುವ ಮುಂಚೆಯೇ ಹೊಲದಲ್ಲಿರುತ್ತಾರೆ. ಹಕ್ಕಿ ನೋಡಲು ಅದಕ್ಕಿಂತ ಒಳ್ಳೆಯ ಹೊತ್ತು ಬೇರೆ ಇಲ್ಲ. ಈಗ ಬಹುತೇಕ ಎಲ್ಲರ ಜೇಬಿನಲ್ಲೂ ಚಿತ್ರ ತೆಗೆಯುವ ಫೋನು ಇರುವುದರಿಂದ ಈ ವಿಷಯವಾಗಿ ನಾಲ್ಕು ಮಾತು ತಿಳಿದಿರುವುದು ಉಪಯುಕ್ತ.

ಮೊದಲು ವೀರಾಪುರದ ವಿಚಾರ. ಹಿಂದೂಪುರಕ್ಕೆ ಹತ್ತಿರ, ಚಿಲಮತ್ತೂರು ಮಂಡಲದ ಈ ಹಳ್ಳಿಗೆ ಪ್ರತಿ ವರ್ಷ ಬಣ್ಣದ ಕೊಕ್ಕರೆಗಳು ಬಂದು ಊರೊಳಗಿನ ಹುಣಿಸೆ ಮರಗಳಲ್ಲಿ ಗೂಡು ಕಟ್ಟುತ್ತವೆ. ಸಂಕ್ರಾಂತಿಯ ಹಿಂದೆಮುಂದೆ ಬಂದು, ಮರಿ ಮಾಡಿ, ಮುಂಗಾರು ಹಿಡಿದ ಮೇಲೆ ಹೊರಡುತ್ತವೆ. ಊರವರು ಅವನ್ನು ಹೊಡೆಯುವುದಿಲ್ಲ, ಹೊಡೆಯಲು ಬಂದವರನ್ನು ಸುಮ್ಮನೆ ಬಿಡುವುದೂ ಇಲ್ಲ. (2022ರಿಂದ ಮಡಕಶಿರವೂ ಚಿಲಮತ್ತೂರೂ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ, ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಇದೆ.)

ಈ ಕೊಕ್ಕರೆಗಳು ಸೈಬೀರಿಯಾದಿಂದ ಬರುತ್ತವೆ ಎಂದು ನಮ್ಮ ಕಡೆ ಎಲ್ಲರೂ ಹೇಳುತ್ತಾರೆ. ಪತ್ರಿಕೆಗಳಲ್ಲೂ ಹಾಗೇ ಬಂದಿದೆ. ಇದು ಸರಿಯಲ್ಲ. ಸೈಬೀರಿಯಾದ ಬಿಳಿ ಕ್ರೌಂಚ ಬೇರೆಯೇ ಹಕ್ಕಿ. ಮೈಯೆಲ್ಲ ಬಿಳುಪು, ಮುಖ ಕೆಂಪು, ಹಾರುವಾಗ ಮಾತ್ರ ರೆಕ್ಕೆಯ ತುದಿಯ ಕಪ್ಪು ಕಾಣುತ್ತದೆ. ಅದು ರಾಜಸ್ಥಾನದ ಭರತಪುರಕ್ಕೆ ಬರುತ್ತಿತ್ತು. 2002ರ ನಂತರ ಅಲ್ಲಿಯೂ ಕಂಡಿಲ್ಲ. ವೀರಾಪುರದ ಹಕ್ಕಿಗೆ ಉದ್ದವಾದ ಹಳದಿ ಕೊಕ್ಕು, ಕಿತ್ತಳೆ ಬಣ್ಣದ ಬೋಳು ತಲೆ, ಎದೆಗೆ ಅಡ್ಡಲಾಗಿ ಕಪ್ಪು ಪಟ್ಟಿ, ಬಾಲದ ಹತ್ತಿರ ಗುಲಾಬಿ ಗರಿ. ಇದು ನಮ್ಮ ದೇಶದ್ದೇ ಹಕ್ಕಿ. ಮಳೆ, ನೀರು, ಮೀನು ನೋಡಿಕೊಂಡು ಒಂದು ಸೀಮೆಯಿಂದ ಇನ್ನೊಂದು ಸೀಮೆಗೆ ಹೋಗಿಬರುತ್ತದೆ.

ಇದನ್ನು ತಿಳಿಯಲು ದೊಡ್ಡ ಪುಸ್ತಕ ಬೇಕಿಲ್ಲ. ಉತ್ತರದ ಚಳಿ ತಪ್ಪಿಸಿಕೊಂಡು ಬರುವ ಹಕ್ಕಿ ಇಲ್ಲಿ ತಿಂದು ಮಲಗಿ ಹೋಗುತ್ತದೆಯೇ ಹೊರತು ಗೂಡು ಕಟ್ಟುವುದಿಲ್ಲ. ಅದರ ಬಾಣಂತನ ಅದರ ತವರಿನಲ್ಲೇ. ನಮ್ಮ ಮರದ ಮೇಲೆ ಮೊಟ್ಟೆಯ ಮೇಲೆ ಕೂತ ಕೊಕ್ಕರೆಯನ್ನು ಕಂಡರೆ ಅದು ಪರದೇಶದ ಅತಿಥಿಯಲ್ಲ ಎಂದು ತಿಳಿಯಿರಿ.

ಈ ವ್ಯತ್ಯಾಸ ಬರಿಯ ಹೆಸರಿನದಲ್ಲ. ಒಂದು ವರ್ಷ ಕೊಕ್ಕರೆ ಕಡಿಮೆ ಬಂದರೆ "ಸೈಬೀರಿಯಾದಲ್ಲಿ ಏನಾಯಿತೋ" ಎಂದು ಕೈಚೆಲ್ಲುತ್ತೇವೆ. ಕೇಳಬೇಕಾದ ಪ್ರಶ್ನೆ ಬೇರೆ: ಸುತ್ತಲ ಕೆರೆಗಳಲ್ಲಿ ನೀರು ನಿಂತಿತ್ತೆ? ಮೀನು ಇತ್ತೆ? ಯಾವ ಹುಣಿಸೆ ಮರ ಉರುಳಿತು? ತಾಯಿಹಕ್ಕಿಯೂ ತಂದೆಹಕ್ಕಿಯೂ ಸರದಿಯ ಮೇಲೆ ಕೆರೆಯಿಂದ ಮೀನು ತಂದು ಮರಿಗಳ ಮುಂದೆ ಕಕ್ಕಬೇಕು. ಗೂಡಿಗೆ ಸಾಮಾನ್ಯವಾಗಿ ಮೂರು ನಾಲ್ಕು ಮೊಟ್ಟೆ. ಒಡೆಯಲು ಸುಮಾರು ಒಂದು ತಿಂಗಳು, ಮರಿಗೆ ರೆಕ್ಕೆ ಬಲಿಯಲು ಇನ್ನೆರಡು ತಿಂಗಳು. ನಡುವೆ ಕೆರೆ ಬತ್ತಿದರೆ ಮರಿಗಳು ಗೂಡಿನಲ್ಲೇ ಉಳಿದವು.

ಮಂಡ್ಯದ ಕಬ್ಬಿನ ಸೀಮೆಯಲ್ಲೂ ಇಂಥದೇ ಊರೊಂದಿದೆ, ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು. ಅಲ್ಲಿ ಬಣ್ಣದ ಕೊಕ್ಕರೆಯ ಜೊತೆಗೆ ಹೆಜ್ಜಾರ್ಲೆಯೂ ಊರೊಳಗೇ ಗೂಡು ಕಟ್ಟುತ್ತದೆ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಇದನ್ನು ಹೊರಗಿನವರ ಗಮನಕ್ಕೆ ತಂದರು. ಹಕ್ಕಿ ಕೂತ ಮರದ ಹುಣಿಸೆ ಫಸಲು ಕೈಗೆ ಬಾರದೆಂದು ಮರದ ಒಡೆಯರಿಗೆ ಸರ್ಕಾರ ಪರಿಹಾರ ಕೊಡುವ ಏರ್ಪಾಡೂ ಆಯಿತು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಅಲ್ಲಿನ ರೈತರು ಹಿಕ್ಕೆಯನ್ನು ಮರದ ಕೆಳಗೆ ಗುಂಡಿ ತೋಡಿ ಕೂಡಿಹಾಕಿ, ಕೆರೆಗೋಡಿನೊಡನೆ ಬೆರೆಸಿ ಗೊಬ್ಬರ ಮಾಡಿಕೊಂಡವರು. ಗೊಬ್ಬರದ ಬೆಲೆ ಬಲ್ಲ ನಮ್ಮ ಸದಸ್ಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಜವಾಗಿ ದೂರದಿಂದ ಬರುವವು

ದೂರದ ಹಕ್ಕಿಗಳು ನಮ್ಮಲ್ಲಿ ಇಲ್ಲವೆಂದಲ್ಲ. ಗುಲಾಬಿ ಮೈನಾ ಮಧ್ಯ ಏಷ್ಯಾದಲ್ಲಿ ಮರಿ ಮಾಡಿ, ಮಳೆಗಾಲದ ಕೊನೆಯಿಂದಲೇ ನಮ್ಮ ಬಯಲಿಗೆ ಬರತೊಡಗುತ್ತದೆ. ಜೋಳದ ಕಾಳು ತಿನ್ನುತ್ತದೆಂದು ಅದರ ಮೇಲೆ ದೂರು. ಮಿಡತೆಯನ್ನೂ ಅಷ್ಟೇ ತಿನ್ನುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯುವವರು ಕಡಿಮೆ. ಹುಲ್ಲುಗಾವಲಿನ ಮೇಲೆ ತಗ್ಗಿನಲ್ಲಿ ತೇಲುತ್ತ ಹೋಗುವ ಸೆಳೆವ ಎಂಬ ಗಿಡುಗವೂ ಚಳಿಗಾಲದ್ದೇ, ಅದಕ್ಕೂ ಮಿಡತೆ ಪ್ರಿಯ. ತಲೆಯ ಹಿಂದೆ ಎರಡು ಕಪ್ಪು ಗೀರುಳ್ಳ ಬೂದು ಹೆಬ್ಬಾತು ಟಿಬೆಟ್, ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಬರುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆ ಅದಕ್ಕೆ ಹೆಸರಾದ ಜಾಗ. ರಾಯದುರ್ಗದವರಿಗೆ ಹಗರಿಬೊಮ್ಮನಹಳ್ಳಿ ಬಳಿಯ ಅಂಕಸಮುದ್ರವೂ ಒಂದು ದಿನದಲ್ಲಿ ಹೋಗಿಬರುವ ದಾರಿ. ಈ ಎರಡು ಕೆರೆಗಳೂ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದವು.

ಹೆಬ್ಬಾತು ಮಂಗೋಲಿಯಾದ್ದು ಎಂದು ಗೊತ್ತಾದದ್ದು ಊಹೆಯಿಂದಲ್ಲ. ಅಲ್ಲಿನವರು ಹಕ್ಕಿಯ ಕುತ್ತಿಗೆಗೆ ಅಕ್ಷರ, ಅಂಕಿ ಬರೆದ ಬಣ್ಣದ ಪಟ್ಟಿ ಹಾಕಿ ಬಿಟ್ಟಿದ್ದರು; ಅಂಥ ಹಕ್ಕಿಗಳು ಕರ್ನಾಟಕದ ಕೆರೆಗಳಲ್ಲಿ ಕಂಡವು. ಓದಲು ಬರುವಂಥ ಒಂದು ಚಿತ್ರ ಸಾಕು, ಹಕ್ಕಿಯ ಊರು ಸಿಕ್ಕಿತು. ಆದ್ದರಿಂದ ಚಿತ್ರ ಸುಂದರವಾಗಿ ಬರಲಿಲ್ಲವೆಂದು ಅಳಿಸಬೇಡಿರಿ. ಮೊದಲು ದೊಡ್ಡದು ಮಾಡಿ ಕಾಲು, ಕುತ್ತಿಗೆ ನೋಡಿರಿ.

ಇನ್ನು ನಮ್ಮ ಕಬ್ಬಿನ ಗದ್ದೆ. ಕವಲು ಬಾಲದ ಅಂಬರಗುಬ್ಬಿಗಳೂ ಹಳದಿ ಸಿಪಿಲೆಗಳೂ ಚಳಿಗಾಲದಲ್ಲಿ ರಾತ್ರಿ ತಂಗಲು ಆಪು, ಜೊಂಡು, ಎತ್ತರದ ಕಬ್ಬನ್ನು ಆರಿಸಿಕೊಳ್ಳುತ್ತವೆ. ಸೂರ್ಯ ಮುಳುಗುವ ಹೊತ್ತಿಗೆ ಬದುವಿನ ಮೇಲೆ ನಿಂತು ನೋಡಿರಿ. ಮೇಲೆ ಸುತ್ತುತ್ತಿದ್ದ ಹಿಂಡು ಕತ್ತಲಾಗುವ ಹೊತ್ತಿಗೆ ಒಮ್ಮೆಲೆ ಇಳಿಯುತ್ತದೆ. ಗದ್ದೆಯೊಳಗೆ ನುಗ್ಗಬೇಡಿರಿ.

ಚಿತ್ರ ತೆಗೆಯುವಾಗ

ಸೂರ್ಯ ತಮ್ಮ ಬೆನ್ನಿಗಿರಲಿ. ಬೆಳಗಿನ ಎಳೆಬಿಸಿಲೇ ಉತ್ತಮ. ಕ್ಯಾಮೆರಾ ಇದ್ದವರಿಗೆ 300ರಿಂದ 400 ಮಿಲಿಮೀಟರ್ ಮಸೂರ ಅನುಕೂಲ. ಹಾರುವ ಹಕ್ಕಿಗೆ ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ವೇಗ ಬೇಕು. ಬಿಳಿ ಕೊಕ್ಕರೆ ಕಪ್ಪು ಹುಣಿಸೆ ಎಲೆಯ ಮುಂದೆ ಕೂತಾಗ ಯಂತ್ರ ಮೋಸ ಹೋಗುತ್ತದೆ: ಎಲೆಯ ಕತ್ತಲೆಗೆ ಬೆಳಕು ಹೆಚ್ಚಿಸಿ, ಹಕ್ಕಿಯನ್ನು ಸುಣ್ಣದ ಗುಡ್ಡೆ ಮಾಡುತ್ತದೆ. ಬೆಳಕನ್ನು ಕೊಂಚ ಇಳಿಸಿ ತೆಗೆದರೆ ಗರಿಗಳ ವಿವರ ಉಳಿಯುತ್ತದೆ. ಫೋನು ಮಾತ್ರ ಇದ್ದವರು ದುರ್ಬೀನಿನ ಕಣ್ಣಿಗೆ ಫೋನಿನ ಮಸೂರವನ್ನು ಒತ್ತಿ ಹಿಡಿದು ತೆಗೆಯಬಹುದು. ಕೈ ನಡುಗದಂತೆ ದುರ್ಬೀನನ್ನು ಗೋಡೆಗೋ ಗಾಡಿಯ ಮೂಕಿಗೋ ಆನಿಸಿರಿ.

ಗೂಡಿನ ಹತ್ತಿರ ಮಾತ್ರ ಬಹಳ ಜಾಗ್ರತೆ ಬೇಕು. ಚಪ್ಪಾಳೆ ತಟ್ಟಿ, ಕಲ್ಲೆಸೆದು ಹಿಂಡು ಎಬ್ಬಿಸಿ ಚಿತ್ರ ತೆಗೆಯುವ ಚಾಳಿ ಕೆಲವರಿಗಿದೆ. ತಾಯಿ ಎದ್ದು ಹೋದ ಗೂಡಿನಲ್ಲಿ ಮೊಟ್ಟೆಯೂ ಎಳೆಮರಿಯೂ ಬಿಸಿಲಿಗೆ ಸಿಗುತ್ತವೆ, ಕಾಗೆ ಹೊಂಚುತ್ತಿರುತ್ತದೆ, ಗಾಬರಿಯಾದ ಮರಿ ಕೆಳಗೆ ಬೀಳುತ್ತದೆ. ಅಡ್ಡ ಬಂತೆಂದು ರೆಂಬೆ ಕಡಿಯಲೂ ಕೂಡದು, ಮರಿಗೆ ನೆರಳು ಅದೇ. ಡ್ರೋನ್ ಬೇಡ, ಫ್ಲಾಶ್ ಬೇಡ. ಕೂತ ಹಕ್ಕಿ ಎದ್ದು ನಿಂತು, ಕತ್ತು ಚಾಚಿ ತಮ್ಮನ್ನೇ ನೋಡತೊಡಗಿದರೆ ತಾವು ಬಹಳ ಹತ್ತಿರ ಬಂದಿದ್ದೀರಿ. ಹಿಂದೆ ಸರಿಯಿರಿ.

ಸತ್ತ ಹಕ್ಕಿ ಸಿಕ್ಕರೆ ಬರಿಗೈಯಿಂದ ಮುಟ್ಟದೆ ಪಶುವೈದ್ಯರಿಗೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿರಿ. ಕಾಲಲ್ಲಿ ಲೋಹದ ಬಳೆ ಇದ್ದರೆ ಅದರ ಅಂಕಿ ಕಾಣುವಂತೆ ಚಿತ್ರ ತೆಗೆಯಿರಿ. ನಮ್ಮ ದೇಶದ ಬಳೆಗಳ ಮೇಲೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ತಿಳಿಸಬೇಕೆಂದು ಬರೆದಿರುತ್ತದೆ.

ಚಿತ್ರಕ್ಕಿಂತಲೂ ಬೆಲೆಯುಳ್ಳದ್ದು ತಾರೀಖು. ಕಬ್ಬು ನಾಟಿ, ನೀರು, ಗೊಬ್ಬರ ಬರೆದಿಡುವ ಪುಸ್ತಕದಲ್ಲೇ ಒಂದು ಪುಟ ಬಿಡಿರಿ. ಯಾವ ದಿನ ಮೊದಲು ಕಂಡಿತು, ಯಾವ ಕೆರೆ, ಎಷ್ಟು ಹಕ್ಕಿ, ಕೆರೆಯಲ್ಲಿ ನೀರೆಷ್ಟು, ಕೊನೆಗೆ ಕಂಡದ್ದು ಎಂದು. ದೊಡ್ಡ ಹಿಂಡನ್ನು ಒಂದೊಂದಾಗಿ ಎಣಿಸಲಾಗದು; ಹತ್ತು ಹಕ್ಕಿಯ ಗುಂಪು ಎಷ್ಟು ಜಾಗ ಹಿಡಿಯುತ್ತದೆಂದು ನೋಡಿಕೊಂಡು ಅಂಥ ಗುಂಪು ಎಷ್ಟೆಂದು ಎಣಿಸಿರಿ. ಓದುವ ಮಕ್ಕಳಿದ್ದರೆ ಅದೇ ವಿವರವನ್ನು ಇ-ಬರ್ಡ್ ಎಂಬ ಲೆಕ್ಕಕ್ಕೆ ಫೋನಿನಿಂದಲೇ ಸೇರಿಸಬಹುದು. ಹೋದ ದಿನ ಹಕ್ಕಿ ಕಾಣದಿದ್ದರೆ ಪುಟವನ್ನು ಖಾಲಿ ಬಿಡದೆ, ತಾರೀಖು ಹಾಕಿ "ಕಾಣಲಿಲ್ಲ" ಎಂದೇ ಬರೆಯಿರಿ.