ಲೈಸೆನ್ಸ್ ಇತ್ತು, ಡಿಕ್ಕಿಯಲ್ಲಿತ್ತು

ಐದು ವಾಟಿನ ರೇಡಿಯೊ ಎಲ್ಲಿಯವರೆಗೆ ಮುಟ್ಟೀತು ಎಂದು ನನ್ನನ್ನು ಹಂಗಿಸಿದವರಲ್ಲಿ ಎರಡು ಬಗೆ. ಮೇಜಿನ ಮೇಲೆ ನೂರು ವಾಟಿನ ಜಪಾನಿ ಸೆಟ್ ಇಟ್ಟುಕೊಂಡ ಹಿರಿಯ ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು, ಒಂದು ಬಗೆ, ಖಾಕಿ ತೊಟ್ಟವರು ಇನ್ನೊಂದು.

ಹಿರಿಯರಿಗೆ ಉತ್ತರ ಸುಲಭ. ನೂರರಿಂದ ಐದಕ್ಕೆ ಇಳಿದರೆ ಕಳೆದುಕೊಳ್ಳುವುದು 13 ಡೆಸಿಬೆಲ್. ಸಿಗ್ನಲ್ ಮೀಟರಿನ ಒಂದು ಮನೆಗೆ 6 ಡೆಸಿಬೆಲ್, ಅಂದರೆ ಎರಡು ಮನೆ ಮತ್ತು ಮೇಲೊಂದಿಷ್ಟು. ಅವರ ಮುಳ್ಳು ಏಳಕ್ಕೆ ಹೋಗುವ ಕಡೆ ನನ್ನದು ಐದರ ಹತ್ತಿರ ನಿಲ್ಲುತ್ತದೆ, ಅಷ್ಟೇ. ಮಾತು ಬಿಟ್ಟು ಮಾರ್ಸ್ ಸಂಕೇತ ಕುಟ್ಟಿದರೆ ಆ ಕೊರತೆಯೂ ಬಹುಪಾಲು ತುಂಬಿಕೊಳ್ಳುತ್ತದೆ, ಯಾಕೆಂದರೆ ಮನುಷ್ಯನ ದನಿಗೆ ಬೇಕಾಗುವ ಜಾಗದ ಸಣ್ಣ ಪಾಲಿನಲ್ಲಿ ಮಾರ್ಸ್ ತೂರಿಕೊಂಡು ಹೋಗುತ್ತದೆ. ಖಾಕಿಯವರ ಮುಂದೆ ಈ ಲೆಕ್ಕ ನಡೆಯಲಿಲ್ಲ. ಅವರ ಜೊತೆ ಆದದ್ದನ್ನು ಈಗ ಬರೆಯಲೇಬೇಕಾಗಿದೆ. ಊರಲ್ಲಿ ಬೇರೊಂದು ಕಥೆ ಓಡಾಡುತ್ತಿದೆ, ಅದನ್ನು ಹಬ್ಬಿಸಿದವರು ನಮ್ಮ ದಾಜಿ, ಅಕ್ಕನ ಗಂಡ.

ನಾನು ಮೋಟಾರು ರಿವೈಂಡಿಂಗ್ ಮಾಡುವವನು. ಕೊಗನೊಳ್ಳಿ, ಹಂಚಿನಾಳ, ಅಪ್ಪಾಚಿವಾಡಿ ಕಡೆ ಯಾರ ಪಂಪು ಸುಟ್ಟರೂ ನನ್ನ ಅಂಗಡಿಗೆ ಬರುತ್ತದೆ. ರೇಡಿಯೊದ ಹುಚ್ಚು ಹತ್ತಿದ್ದು 2019ರ ಆಗಸ್ಟಿನ ಮಹಾಪೂರದಲ್ಲಿ. ಉತ್ತರಕ್ಕೆ ದೂಧಗಂಗೆ, ದಕ್ಷಿಣಕ್ಕೆ ವೇದಗಂಗೆ, ನಡುವೆ ನಾವು. ಯಮಗರ್ಣಿ ಹತ್ತಿರ ನೀರು ಹೆದ್ದಾರಿಗೇ ಏರಿ ಪುಣೆ–ಬೆಂಗಳೂರು ರಸ್ತೆ ಬಂದಾಯಿತು. ಅಕ್ಕನನ್ನು ಕೊಟ್ಟದ್ದು ಕಾಗವಾಡ ತಾಲೂಕಿನ ಜುಗೂಳಕ್ಕೆ, ಕೃಷ್ಣೆಯ ದಂಡೆಗೆ. ಫೋನು ಹತ್ತಲಿಲ್ಲ. 1993ರ ಕಿಲ್ಲಾರಿ ಭೂಕಂಪದಲ್ಲೂ 2001ರಲ್ಲಿ ಭುಜ್ ಕುಸಿದಾಗಲೂ ಹ್ಯಾಮ್‌ಗಳು ಬ್ಯಾಟರಿ ಮತ್ತು ತಂತಿ ಹೊತ್ತು ಹೋಗಿ ಸುದ್ದಿ ಮುಟ್ಟಿಸಿದ್ದನ್ನು ಓದಿದ್ದೆ. ಆ ರಾತ್ರಿ ಅದೇ ತಲೆಯಲ್ಲಿ ಕೊರೆಯಿತು. ಅಕ್ಕನ ಮನೆಯವರಿಗೆ ಏನೂ ಆಗಿರಲಿಲ್ಲ. ದಾಜಿ ಪರಿಹಾರ ಕೇಂದ್ರದಲ್ಲಿ ಊಟದ ಉಸ್ತುವಾರಿ ವಹಿಸಿಕೊಂಡು, ಸಾರಿಗೆ ಉಪ್ಪು ಕಡಿಮೆ ಎಂದು ಜಗಳ ತೆಗೆದಿದ್ದರಂತೆ.

ಪರೀಕ್ಷೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅರ್ಜಿ ಸರಲ್ ಸಂಚಾರ್ ಪೋರ್ಟಲಿನಲ್ಲಿ, ಲೈಸೆನ್ಸ್ ದಿಲ್ಲಿಯ ದೂರಸಂಪರ್ಕ ಇಲಾಖೆಯ ಡಬ್ಲ್ಯುಪಿಸಿ ವಿಭಾಗದಿಂದ. ರಿಸ್ಟ್ರಿಕ್ಟೆಡ್ ದರ್ಜೆಗೆ ಮಾರ್ಸ್ ಬೇಕಿಲ್ಲ, ವಿಯು3 ಎಂದು ಶುರುವಾಗುವ ಕರೆಸಂಕೇತ ಸಿಗುತ್ತದೆ. ಜನರಲ್ ದರ್ಜೆಗೆ ನಿಮಿಷಕ್ಕೆ 8 ಪದದ ಮಾರ್ಸ್ ಬರಬೇಕು, ಆಗ ವಿಯು2. ನಾನು ಜನರಲ್ಲಿಗೇ ಕೂತೆ. ಮುರಿದ ಹ್ಯಾಕ್ಸಾ ಬ್ಲೇಡಿನಲ್ಲಿ ಕೀ ಮಾಡಿಕೊಂಡು ಅಂಗಡಿಯಲ್ಲಿ ಕುಟ್ಟುತ್ತಿದ್ದೆ. ಗಿರಾಕಿಗಳು ಸುಟ್ಟ ಮೋಟಾರು ಕೈಯಲ್ಲಿ ಹಿಡಿದು ಹೊಸ್ತಿಲಲ್ಲೇ ನಿಲ್ಲುತ್ತಿದ್ದರು.

ಸೆಟ್ ಬಿಟ್‌ಎಕ್ಸ್ ಮನೆತನದ್ದು. ಹೈದರಾಬಾದಿನ ಅಶ್ಹರ್ ಫರ್ಹಾನ್, ಅವರ ಕರೆಸಂಕೇತ ವಿಯು2ಇಎಸ್‌ಇ, 2003ರಲ್ಲಿ ಪ್ರಕಟಿಸಿದ ವಿನ್ಯಾಸ. ನನ್ನಂಥವನ ಎದೆ ಉಬ್ಬಿಸುವ ಸಂಗತಿಯೆಂದರೆ, ಆ ಮೊದಲ ಸೆಟ್ಟಿನಲ್ಲಿ ಸುರುಳಿ ಸುತ್ತಲು ವಿದೇಶಿ ಕೋರ್ ಹುಡುಕದೆ ನಳದ ವಾಶರ್ ಬಳಸಿದ್ದರು. ನಳದ ವಾಶರ್! ತಂತಿ ಸುತ್ತುವುದು ನಮ್ಮ ಕಸುಬು, ವಾಶರ್ ಸಿಗದ ಹಳ್ಳಿ ಯಾವುದಿದೆ? ಈಗ ನನ್ನ ಬಳಿ ಇರುವುದು ಅದರ ಮುಂದಿನ ತಲೆಮಾರು, 2017ರ ಕೊನೆಗೆ ಬಂದ ಮೈಕ್ರೋ ಬಿಟ್‌ಎಕ್ಸ್. 7 ಮೆಗಾಹರ್ಟ್ಸ್‌ನಲ್ಲಿ ಹತ್ತು ವಾಟಿನ ಆಸುಪಾಸು ಕೊಡುತ್ತದೆ. ಅದನ್ನು ಬೇಕೆಂದೇ ಐದಕ್ಕೆ ಇಳಿಸಿದ್ದೇನೆ. ಮಾರ್ಸ್‌ನಲ್ಲಿ ಐದು ವಾಟ್ ಮೀರದವರನ್ನಷ್ಟೇ ಕ್ಯೂಆರ್‌ಪಿ ಪಂಥಕ್ಕೆ ಸೇರಿಸಿಕೊಳ್ಳುವುದು ಲೋಕದ ವಾಡಿಕೆ. ನನಗೆ ಆ ಹಟ ಇದೆ, ಇರಲಿ.

ಮನೆಯಲ್ಲೇ ಕೂತು ಮಾಡಬಾರದೇ ಎಂದು ಅಕ್ಕ ಕೇಳುತ್ತಾಳೆ. ಮನೆಯಲ್ಲಿ ಕಿವಿ ಇಡಲಾಗುವುದಿಲ್ಲ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರು, ಪಕ್ಕದವರ ಇನ್ವರ್ಟರು, ಎಲ್ಲವೂ ರೇಡಿಯೊದಲ್ಲಿ ಗರಗರ ಎನ್ನುತ್ತವೆ. ಹೊಲಗಳಿಗೆ ತ್ರೀ ಫೇಸ್ ಬಿಟ್ಟರೆಂದರೆ ಸ್ಟಾರ್ಟರುಗಳು ಒಂದೊಂದಾಗಿ ಏಳುತ್ತವೆ, ಮೀಟರಿನ ಮುಳ್ಳು ಏನೂ ಕೇಳದೆಯೇ ಎಂಟಕ್ಕೆ ಹೋಗಿ ಕೂರುತ್ತದೆ. ಅದರ ಕೆಳಗೆ ಇರುವವರು ಯಾರೂ ಕೇಳಿಸುವುದಿಲ್ಲ. ಕೇಳಿಸದವರಿಗೆ ಐದು ವಾಟಿನಲ್ಲಿ ಉತ್ತರ ಕೊಟ್ಟರೇನು, ಐನೂರರಲ್ಲಿ ಕೊಟ್ಟರೇನು? ಹೊರಗೆ ಹೋಗುವುದು ಗಾಳಿ ಕುಡಿಯಲು ಅಲ್ಲ. ಲೈನಿನ ಕಂಬಗಳಿಂದ ಅರ್ಧ ಕಿಲೋಮೀಟರು ಆಚೆ ಸರಿದರೆ ಮುಳ್ಳು ಒಂದಕ್ಕೆ ಬೀಳುತ್ತದೆ, ಆಗ ಬ್ಯಾಂಡು ಕಣ್ಣು ತೆರೆಯುತ್ತದೆ.

ಊರಾಚೆ ಒಂದು ಮಡ್ಡಿ ಇದೆ. ಕಲ್ಲು, ಜಾಲಿ, ಬೇರೇನಿಲ್ಲ. ಕೆಳಗೆ ಕಬ್ಬು, ಅದರಾಚೆ ಹೆದ್ದಾರಿ ಕಾಣುತ್ತದೆ.

ಅಲ್ಲಿ ಖಾಕಿಯವರು ಎದುರಾದದ್ದು 2022ರ ಡಿಸೆಂಬರಿನಲ್ಲಿ. ಕರ್ನಾಟಕ–ಮಹಾರಾಷ್ಟ್ರ ಗಡಿಯ ತಂಟೆ ಬಿಸಿಯಾಗಿದ್ದ ತಿಂಗಳು. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ಶುರುವಾದ 19ರಂದು ಮಹಾರಾಷ್ಟ್ರದ ಕಡೆಯಿಂದ ಹೊರಟ ನಾಯಕರನ್ನು ಕೊಗನೊಳ್ಳಿ ನಾಕಾದಲ್ಲೇ ತಡೆದಿದ್ದರು. ‘ಅಂಥ ದಿನದಾಗ ಯಾಕ ಹೋಗಿದ್ದಿ?’ ಎಂದು ಎಲ್ಲರೂ ಕೇಳುತ್ತಾರೆ. ಯಾಕೆ ಹೋಗಬಾರದು? ಚಳಿಗಾಲದ ಮುಂಜಾನೆ 7 ಮೆಗಾಹರ್ಟ್ಸ್ ಎಷ್ಟು ಚೊಕ್ಕಟ ಇರುತ್ತದೆಂದು ಕೇಳಿದವರಿಗೇ ಗೊತ್ತು. ಸಿಡಿಲಿನ ಪಟಪಟ ಇಲ್ಲ, ಬಿಸಿಲೇರುವ ತನಕ ಅಯಾನುಗೋಳದ ಕೆಳಗಿನ ಡಿ ಪದರ ಅಲೆಯನ್ನು ಅಷ್ಟಾಗಿ ನುಂಗುವುದಿಲ್ಲ. ರಾಜಕಾರಣಿಗಳ ಪಂಚಾಂಗ ನೋಡಿ ಬ್ಯಾಂಡು ತೆರೆಯುವುದಿಲ್ಲ.

ಆ ತಿಂಗಳ ಒಂದು ರವಿವಾರ ದಾಜಿ ನಮ್ಮಲ್ಲಿಗೆ ಬಂದಿದ್ದರು. ಬಿದಿರು ಹಿಡಿಯಲು ಒಬ್ಬರು ಬೇಕೆಂದು ಕರೆದುಕೊಂಡು ಹೋದೆ. ಬಿದಿರಿನ ತುದಿಗೆ ತಂತಿಯ ನಡುವು ಕಟ್ಟಿ ಎತ್ತಿದೆವು, ಎರಡೂ ರೆಕ್ಕೆಗಳನ್ನು ಜಾಲಿಗೆ ಇಳಿಜಾರಾಗಿ ಬಿಗಿದೆವು. ರಿವೈಂಡಿಂಗಿನಲ್ಲಿ ಉಳಿದ ತಾಮ್ರದ ತಂತಿ, ಒಂದೊಂದು ರೆಕ್ಕೆ ಹತ್ತು ಮೀಟರಿಗೆ ತುಸು ಮೇಲೆ. ಯುಪಿಎಸ್‌ನ 7 ಆಂಪಿಯರ್-ಅವರ್ ಬ್ಯಾಟರಿ ಕಲ್ಲಿನ ಮೇಲೆ. ದಾಜಿಗೆ ಹಸಿವಾಯಿತು. ಹೆದ್ದಾರಿಗೆ ಹೋಗಿ ಮಿಸಳ ತಿಂದು ಬರುತ್ತೇನೆಂದು ನನ್ನ ಸ್ಕೂಟರ್ ತೆಗೆದುಕೊಂಡು ಹೋದರು. ಲೈಸೆನ್ಸ್ ಪ್ರತಿ, ಆಧಾರ್, ಲಾಗ್ ಪುಸ್ತಕ, ಎಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿದ್ದವು. ಕಾಗದ ಇಡಬೇಕಾದ ಜಾಗದಲ್ಲೇ ನಾನು ಇಟ್ಟಿದ್ದೆ. ಸ್ಕೂಟರು ಇರಬೇಕಾದ ಜಾಗದಲ್ಲಿ ಇರಲಿಲ್ಲ, ಅದಕ್ಕೆ ನಾನು ಹೊಣೆಯಲ್ಲ.

7.030 ಮೆಗಾಹರ್ಟ್ಸ್‌ನಲ್ಲಿ ಸಿಕ್ಯೂ, ಅಂದರೆ ಯಾರಾದರೂ ಇದ್ದೀರಾ ಎಂಬ ಕರೆ, ಹಾಕಿದೆ. ಕ್ಯೂಆರ್‌ಪಿಯವರು ಒಬ್ಬರನ್ನೊಬ್ಬರು ಹುಡುಕುವ ಜಾಗ ಅದು. ಬಹಳ ಹೊತ್ತು ಏನಿಲ್ಲ. ಆಮೇಲೆ, ಗದ್ದಲದ ತಳದಲ್ಲಿ, ನನ್ನ ಕರೆಸಂಕೇತದ ಕೊನೆಯ ಎರಡು ಅಕ್ಷರ. ಯಾರೋ ಕೇಳಿದ್ದರು! ಪೂರ್ತಿ ಮತ್ತೆ ಕಳಿಸಿದೆ. ಕೋಝಿಕ್ಕೋಡಿನವರು, ನೇರ ಗೆರೆ ಎಳೆದರೆ 600 ಕಿಲೋಮೀಟರಿನಷ್ಟು. ನನಗೆ ವರದಿ ಕೊಡುತ್ತಿದ್ದರು: ಮೂರು, ಮೂರು, ಒಂಬತ್ತು. ಕಷ್ಟಪಟ್ಟರೆ ಓದಬಹುದು, ಸಿಗ್ನಲ್ ಕ್ಷೀಣ, ನಾದ ಶುದ್ಧ ಎಂದರ್ಥ.

‘ಏ, ಯಾರಾಂವ? ಏನ್ ನಡಿಸೀಯೋ ಇಲ್ಲಿ?’

ಯಾವ ಠಾಣೆಯವರು ಎಂದು ಬರೆಯುವುದಿಲ್ಲ. ಒಬ್ಬ ಸಾಹೇಬರು, ಜೊತೆಗೆ ಇಬ್ಬರು ಪೇದೆಗಳು. ಕಬ್ಬು ಕಡಿಯುವವರು ಯಾರೋ ಹೇಳಿರಬೇಕು, ಮಡ್ಡಿ ಮೇಲೆ ಒಬ್ಬ ಕಂಬ ನಿಲ್ಲಿಸಿಕೊಂಡು ಟಿಕ್ ಟಿಕ್ ಮಾಡುತ್ತಿದ್ದಾನೆ ಎಂದು. ನಾನು ತಲೆ ಎತ್ತಲಿಲ್ಲ. ಒಂದು ನಿಮಿಷ ತಡೆಯಿರಿ ಎಂದು ಕೈ ತೋರಿಸಿದೆ. ಆಚೆಯವರು ಹೆಸರು ಕಳಿಸುತ್ತಿದ್ದರು, ಅರ್ಧದಲ್ಲಿ ಬಿಡಲಾಗುತ್ತದೆಯೇ? ಆ ಕೈಯನ್ನೇ ಸಾಹೇಬರು ಸಹಿಸಲಿಲ್ಲ. ಇಯರ್‌ಫೋನ್ ಕಿತ್ತುಕೊಂಡು ತಮ್ಮ ಕಿವಿಗೆ ಹಿಡಿದರು.

‘ಏನ್ ಹೇಳಾಕತ್ತಾನ ಅಂವ?’

‘ನನ್ನ ಸಿಗ್ನಲ್ ಹೆಂಗೈತಿ ಅಂತ ಹೇಳಾಕತ್ತಾರ್ರೀ ಸಾಹೇಬ್ರ. ಊರು ಕೋಝಿಕ್ಕೋಡ್ ಅಂತ.’

‘ಅದನ್ನ ಹೇಳ್ಯಾನ ಅಂತ ನನಗ ಹೆಂಗ್ ಗೊತ್ತಾಗಬೇಕು?’

ಇದಕ್ಕೆ ಆ ಹೊತ್ತಿನಲ್ಲಿ ನನ್ನ ಬಳಿ ಉತ್ತರವಿರಲಿಲ್ಲ. ಮಾರ್ಸ್ ಗುಪ್ತಭಾಷೆ ಅಲ್ಲ, ಗುಪ್ತಭಾಷೆಯಲ್ಲಿ ಮಾತಾಡುವುದನ್ನು ಹ್ಯಾಮ್ ನಿಯಮಗಳೇ ನಿಷೇಧಿಸಿವೆ, ಕಲಿತವರು ಯಾರು ಬೇಕಾದರೂ ಓದಬಹುದು ಎಂದೆ. ಕಲಿತವರು ಆ ಮಡ್ಡಿಯ ಮೇಲೆ ನಾನೊಬ್ಬನೇ ಇದ್ದೆ. ಶಕ್ತಿ ಎಷ್ಟು ಎಂದು ಕೇಳಿದರು. ಐದು ವಾಟ್, ಮನೆಯಲ್ಲಿ ರಾತ್ರಿ ಹಚ್ಚುವ ಹಳೆಯ ಝೀರೋ ಬಲ್ಬಿಗಿಂತಲೂ ಕಡಿಮೆ ಎಂದೆ. ಆಗ ಅವರ ಮುಖ ಪೂರ್ತಿ ಬಿಗಿಯಿತು.

‘ನಮ್ಮ ವಾಕಿಟಾಕಿ ನಿಪ್ಪಾಣಿಗೆ ಸುದ್ದ ಮುಟ್ಟಂಗಿಲ್ಲ. ನಿಂದು ಝೀರೋ ಬಲ್ಬ್ ಕೇರಳಕ್ಕ ಹೊಕ್ಕೈತಿ?’

ಪೊಲೀಸರ ವಾಕಿಟಾಕಿ ವಿಎಚ್‌ಎಫ್, ಅದರ ಅಲೆ ಕಣ್ಣಳತೆಯಂತೆ ನೇರ ಹೋಗುತ್ತದೆ, ಗುಡ್ಡ ಅಡ್ಡ ಬಂದರೆ ನಿಲ್ಲುತ್ತದೆ. ನನ್ನದು ಶಾರ್ಟ್‌ವೇವ್, ಇನ್ನೂರು ಮುನ್ನೂರು ಕಿಲೋಮೀಟರು ಮೇಲಿನ ಅಯಾನುಗೋಳಕ್ಕೆ ತಾಗಿ ಬಾಗಿ ಮತ್ತೆ ಕೆಳಗೆ ಇಳಿಯುತ್ತದೆ, ಅಲ್ಲಿ ಶಕ್ತಿಗಿಂತ ಹೊತ್ತು ಮುಖ್ಯ. ಇದನ್ನೆಲ್ಲ ಕೈಯಾಡಿಸುತ್ತ ವಿವರಿಸಿದೆ. ನಾನು ಆಕಾಶಕ್ಕೆ ಬೆರಳು ತೋರಿಸಿದಾಗ ಒಬ್ಬ ಪೇದೆ ನಿಜಕ್ಕೂ ಮೇಲೆ ನೋಡಿದ. ಸಾಹೇಬರು ನೋಡಲಿಲ್ಲ.

‘ಲೈಸೆನ್ಸ್ ಎಲ್ಲೈತಿ?’

‘ಗಾಡಿ ಡಿಕ್ಕ್ಯಾಗ ಐತ್ರೀ.’

‘ಗಾಡಿ ಎಲ್ಲೈತಿ?’

‘ದಾಜಿ ಒಯ್ದಾರ್ರೀ. ಮಿಸಳ ತಿನ್ನಾಕ.’

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಮಾತು ನನಗೇ ಸುಳ್ಳಿನಂತೆ ಕೇಳಿಸಿತು. ದಾಜಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅಷ್ಟರಲ್ಲಿ ಸಾಹೇಬರು ‘ತಂತಿ ಇಳಸ್ರಿ’ ಅಂದರು. ಬಿಚ್ಚುತ್ತೇನೆ, ಎರಡೇ ಗಂಟು ಎಂದು ನಾನು ಏಳುವುದರೊಳಗೆ ಪೇದೆ ಕಬ್ಬಿನವರಿಂದ ಕುಡಗೋಲು ಇಸಿದುಕೊಂಡಿದ್ದ. ಒಂದು ರೆಕ್ಕೆ ನಡುವೆಯೇ ತುಂಡಾಯಿತು. ಬಿದಿರು ಓಲಾಡಿ ಬಿದ್ದು ಬ್ಯಾಟರಿಯ ಟರ್ಮಿನಲ್ ಮುರಿಯಿತು. ರೇಡಿಯೊದ ದೀಪ ಆರಿತು. ಕೋಝಿಕ್ಕೋಡಿನವರು ಆಗಲೂ ನನ್ನನ್ನು ಕರೆಯುತ್ತಿದ್ದಿರಬೇಕು. ನನ್ನನ್ನು ಕಲ್ಲಿನ ಮೇಲೆ ಕೂರಿಸಿ, ಫೋನು ಇಸಿದುಕೊಂಡರು. ಹೆದ್ದಾರಿಯ ಮೇಲೆ ಕಬ್ಬಿನ ಟ್ರಾಲಿಗಳು ಒಂದರ ಹಿಂದೊಂದು ಹೋಗುತ್ತಿದ್ದವು, ಪ್ರತಿ ಸ್ಕೂಟರಿನ ಸದ್ದಿಗೂ ನಾನು ಕತ್ತು ಎತ್ತುತ್ತಿದ್ದೆ. ಮೂವತ್ತು ವರ್ಷ ಇದೇ ಊರಲ್ಲಿ ಅಂಗಡಿ ಇಟ್ಟವನು, ಕಬ್ಬಿನವರ ಮುಂದೆ ಕಳ್ಳನಂತೆ ಕೂತೆ. ‘ಕಾಯ್ ಝಾಲಂ?’, ಏನಾಯಿತು, ಎಂದು ಅವರಲ್ಲೊಬ್ಬ ಮರಾಠಿಯಲ್ಲಿ ಕೇಳಿದರೆ ಇನ್ನೊಬ್ಬ ಏನೋ ಹೇಳಿದ, ಎಲ್ಲರೂ ನಕ್ಕರು.

ದಾಜಿ ಬಂದರು. ಮಡ್ಡಿಯ ಬುಡದಲ್ಲೇ ಖಾಕಿ ನೋಡಿ ಸ್ಕೂಟರು ನಿಲ್ಲಿಸಿದರು. ಯಾರು ಎಂದು ಪೇದೆ ಕೂಗಿ ಕೇಳಿದ್ದಕ್ಕೆ ನನ್ನ ಅಕ್ಕನನ್ನು ಕಟ್ಟಿಕೊಂಡ ಆ ಮನುಷ್ಯ ಕೊಟ್ಟ ಉತ್ತರ: ‘ನಾ ಯಾರೂ ಅಲ್ರೀ, ಹಾದ್ಯಾಗ ಹೊಂಟಿದ್ದೆ.’ ನನ್ನ ಸ್ಕೂಟರಿನ ಮೇಲೆ ಕೂತುಕೊಂಡೇ! ನಾನು ‘ದಾಜೀ, ಡಿಕ್ಕಿ ತೆಗೀರಿ’ ಎಂದು ಚೀರಿದ ಮೇಲೆ ತೆಗೆದರು.

ಕಾಗದ ನೋಡಿದ ಮೇಲೂ ಸುಲಭಕ್ಕೆ ಮುಗಿಯಲಿಲ್ಲ. ಲೈಸೆನ್ಸಿನಲ್ಲಿ ರೇಡಿಯೊ ಕೇಂದ್ರದ ವಿಳಾಸ ನಮೂದಾಗಿರುತ್ತದೆ, ನನ್ನದರಲ್ಲಿ ಮನೆಯದು. ‘ಇದರಾಗ ಮನಿ ಐತಿ, ಮಡ್ಡಿ ಎಲ್ಲೈತಿ?’ ಎಂದರು. ಯಾರಿಗೋ ಫೋನ್ ಮಾಡಿ, ಫೋಟೊ ತೆಗೆದು ಕಳಿಸಿ, ಆ ಕಡೆಯಿಂದ ಏನು ಬಂತೋ, ಮಧ್ಯಾಹ್ನದ ಹೊತ್ತಿಗೆ ‘ಹೋಗ್, ಮತ್ತ ಇಲ್ಲಿ ಕಾಣಬ್ಯಾಡ’ ಎಂದು ಬಿಟ್ಟರು. ತುಂಡಾದ ತಂತಿಯ ಬಗ್ಗೆ ಒಂದು ಮಾತಿಲ್ಲ. ಊರಿಗೆ ದಾಜಿ ಹೇಳಿದ ಕಥೆಯಲ್ಲಿ ಅವರೇ ಓಡಿ ಬಂದು ನನ್ನನ್ನು ಬಿಡಿಸಿದ್ದಾರೆ.

ಇನ್ನು ಹೊಸಬರು ಕೇಳುವ ಮಾತು. ಹೊರಡುವ ಮುಂಚೆ ಹತ್ತಿರದ ಠಾಣೆಗೆ ಒಂದು ಅರ್ಜಿ ಬರೆದು ಕೊಡಿ, ಲೈಸೆನ್ಸ್ ಪ್ರತಿ ಲಗತ್ತಿಸಿ, ಸ್ವೀಕೃತಿಗೆ ಸೀಲು ಹಾಕಿಸಿಕೊಳ್ಳಿ. ನಾನೀಗ ಹಾಗೇ ಮಾಡುತ್ತೇನೆ. ನಮೂದಾದ ವಿಳಾಸದಾಚೆ ಚಲಾಯಿಸುವ ನಿಯಮವನ್ನು ನೀವೇ ಓದಿಕೊಳ್ಳಿ, ಗೆಳೆಯರ ಬಾಯಿಮಾತು ನಂಬಬೇಡಿ. ಹೊರಗಿನಿಂದ ಮಾತಾಡುವಾಗ ಕರೆಸಂಕೇತದ ಕೊನೆಗೆ ಓರೆಗೆರೆ ಪಿ ಸೇರಿಸಿ. ಲೈಸೆನ್ಸ್ ಇಲ್ಲದೆ ಅಗ್ಗದ ಚೀನಾ ಹ್ಯಾಂಡ್‌ಸೆಟ್ ತರಿಸಿಕೊಂಡು ಶುರು ಮಾಡುವ ಹುಡುಗರಿದ್ದಾರೆ, ಅವರಿಂದಲೇ ನಮಗೆಲ್ಲ ಕೆಟ್ಟ ಹೆಸರು. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಅಂಥ ವಾಕಿಟಾಕಿ ಮಾರಿದ ಆನ್‌ಲೈನ್ ಕಂಪನಿಗಳಿಗೆ ನೋಟಿಸ್ ಕೊಟ್ಟಿತ್ತು.

ಆಂಟೆನಾದ ಉದ್ದಕ್ಕೆ 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 7.030ಕ್ಕೆ ಸುಮಾರು 20.3 ಮೀಟರು, ಅದರ ಅರ್ಧ ಒಂದು ರೆಕ್ಕೆ. ಮೊದಲು ತುಸು ಉದ್ದ ಬಿಟ್ಟು, ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಮರಳುವ ಅಲೆಯ ಅಳತೆ) ನೋಡುತ್ತ ಕತ್ತರಿಸುತ್ತ ಬನ್ನಿ. ವಿದ್ಯುತ್ ಲೈನಿನ ಹತ್ತಿರ ಬಿದಿರು ಎತ್ತಬೇಡಿ, ಅದು ಪೊಲೀಸರಿಗಿಂತ ಕೆಟ್ಟದ್ದು.

ಕೋಝಿಕ್ಕೋಡಿನವರಿಂದ ಕೆಲವು ವಾರದ ಮೇಲೆ ಕ್ಯೂಎಸ್‌ಎಲ್ ಕಾರ್ಡು, ಅಂದರೆ ಸಂಪರ್ಕ ಆದದ್ದಕ್ಕೆ ಖಾತರಿ ಚೀಟಿ, ಬಂತು. ತಾರೀಕು, ಹೊತ್ತು, 339, ಎಲ್ಲ ಸರಿಯಾಗಿ ಬರೆದು, ನಡುವೆ ಯಾಕೆ ಮಾಯವಾದಿರಿ, ಬ್ಯಾಟರಿ ಮುಗಿಯಿತೇ ಎಂದು ಕೇಳಿದ್ದರು. ಸಾಹೇಬರಿಗೆ ಬೇಕಾಗಿದ್ದ ಸಾಕ್ಷಿ ಅದು. ಒಯ್ದು ತೋರಿಸಬೇಕೆಂದಿದ್ದೆ, ಮನೆಯವಳು ಬಿಡಲಿಲ್ಲ.

ಇಷ್ಟಾದ ಮೇಲೂ ಹಿರಿಯ ಹ್ಯಾಮ್‌ಗಳು ನೂರು ವಾಟಿನದು ಕೊಂಡು ಮನೆಯಲ್ಲಿ ಕೂರು ಎನ್ನುತ್ತಾರೆ. ಕೊಳ್ಳಬಹುದು. ನನ್ನ ಸೆಟ್ಟಿಗೆ ಕಳಿಸುವಾಗ ಒಂದು ಒಂದೂವರೆ ಆಂಪಿಯರ್ ಸಾಕು, ಅದಕ್ಕೆ ಇಪ್ಪತ್ತು ಬೇಕು. ಮನೆಯಲ್ಲಿ ಗರಗರ, ಮಡ್ಡಿಗೆ ಒಯ್ಯಬೇಕೆಂದರೆ ಟ್ರ್ಯಾಕ್ಟರಿನ ಬ್ಯಾಟರಿಯನ್ನೇ ಹೊರಬೇಕು. ಹೊರುವವರು ಯಾರು? ದಾಜಿಯನ್ನಂತೂ ಕರೆಯುವುದಿಲ್ಲ.