ಪ್ರೊಪೆಲರ್ ಆರಿಸುವ ಮುನ್ನ

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಹಾಯಿದೋಣಿ ಇಟ್ಟುಕೊಂಡವರಿಗೆ ಎಂಜಿನ್ ಎಂದರೆ ಬರೀ ಬಂದರಿನೊಳಗೆ ಓಡಾಡುವ ಅನುಕೂಲವಲ್ಲ. ಸೋಲೆಂಟ್ ಜಲಸಂಧಿಯ ಪಶ್ಚಿಮದ ಬಾಯಲ್ಲಿ, ಹರ್ಸ್ಟ್ ಕೋಟೆಯ ಬಳಿ, ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರವಿಳಿತದ ಸೆಳೆತ 4 ನಾಟ್ ದಾಟುತ್ತದೆ. ಗಾಳಿ ಬಿದ್ದ ದಿನ 5 ನಾಟ್‌ನಲ್ಲಿ ಅದಕ್ಕೆದುರಾಗಿ ಹೊರಟರೆ ನಿಜವಾಗಿ ಮುಂದೆ ಸರಿಯುವುದು ಒಂದು ನಾಟ್‌ನಷ್ಟೂ ಇಲ್ಲ. ಹಾಗಾಗಿ ಪ್ರೊಪೆಲರ್ ಮಾತೆತ್ತಿದರೆ ಎಲ್ಲರೂ ಮೊದಲು ವೇಗ ಕೇಳುತ್ತಾರೆ. ನಮ್ಮ ದೋಣಿಗೆ ಹೊಸದನ್ನು ಆರಿಸುವಾಗ ನನಗೆ ಮನದಟ್ಟಾದದ್ದು, ಅದಕ್ಕೂ ಮೊದಲು ಎಂಜಿನ್ನನ್ನು ಕೇಳಬೇಕು ಎಂಬುದು.

ವೇಗದ ಮಿತಿಯನ್ನು ದೋಣಿಯ ಒಡಲೇ ಗೊತ್ತುಮಾಡಿರುತ್ತದೆ. ನೀರಿನ ಮಟ್ಟದಲ್ಲಿ ಅದರ ಉದ್ದ ಎಷ್ಟು ಅಡಿಯೋ ಅದರ ವರ್ಗಮೂಲವನ್ನು 1.34ರಿಂದ ಗುಣಿಸಬೇಕು. ನಮ್ಮದು 28 ಅಡಿ. ಬರುವುದು ಸುಮಾರು 7 ನಾಟ್. ಅದರ ಹತ್ತಿರ ಹೋದಂತೆ ದೋಣಿ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲು ಹೆಣಗುತ್ತದೆ, ಡೀಸೆಲ್ ನೀರಿನಂತೆ ಖರ್ಚಾಗುತ್ತದೆ. ನಾವು ಐದೂವರೆಯಲ್ಲೇ ಸಾಗುತ್ತೇವೆ.

ಎಂಜಿನ್ನನ್ನು ಕೇಳುವುದು ಹೀಗೆ: ಆಳದ, ಸಮಾಧಾನದ ನೀರಿನಲ್ಲಿ ಥ್ರಾಟಲ್ ಪೂರ್ತಿ ಕೊಡಬೇಕು. ತಯಾರಕರು ಹೇಳಿದ ಗರಿಷ್ಠ ಆರ್‌ಪಿಎಂ, ನಮ್ಮದಕ್ಕೆ 3600, ಬರಲೇಬೇಕು. 3100ಕ್ಕೇ ಮುಗ್ಗರಿಸಿ ಕಪ್ಪು ಹೊಗೆ ಉಗುಳಿದರೆ ಪಿಚ್, ಅಂದರೆ ಪ್ರೊಪೆಲರ್ ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಸಾಗಬೇಕಾದ ದೂರ, ಹೆಚ್ಚಾಗಿದೆ ಎಂದರ್ಥ. ಅಂಥ ಎಂಜಿನ್ ಸದಾ ಮೀರಿದ ಹೊರೆ ಹೊತ್ತು ಬೇಗ ಸವೆಯುತ್ತದೆ. ಪಿಚ್ ಒಂದು ಇಂಚು ತಗ್ಗಿಸಿದರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತದೆ. ಆದರೆ ಪರೀಕ್ಷೆಗೆ ಮುಂಚೆ ಅಲಗುಗಳನ್ನು ಕೆರೆದು ಶುಚಿಮಾಡಿರಬೇಕು. ಬೇಸಿಗೆಯಲ್ಲಿ ಬಾರ್ನಕಲ್ ಎಂಬ ಚಿಪ್ಪುಜೀವಿ ಕಚ್ಚಿಕೊಂಡ ಪ್ರೊಪೆಲರ್ ಯಾವ ಲೆಕ್ಕವನ್ನೂ ಸುಳ್ಳಾಗಿಸುತ್ತದೆ.

ಹಾಯಿಯ ಮಾತು ಆಮೇಲೆ. ಮೂರು ಅಲಗಿನ ಸ್ಥಿರ ಪ್ರೊಪೆಲರ್ ಗಟ್ಟಿ, ಅಗ್ಗ; ಹಾಯಿಯಲ್ಲಿ ಸಾಗುವಾಗ ಮಾತ್ರ ಹಿಂದಕ್ಕೆ ಜಗ್ಗುತ್ತದೆ. ಅದನ್ನು ಗೇರಿನಲ್ಲಿ ಬಿಗಿಹಿಡಿಯುವುದಕ್ಕಿಂತ ತಿರುಗಲು ಬಿಟ್ಟರೆ ಜಗ್ಗಾಟ ಕಡಿಮೆ ಎಂದು ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ಅಳತೆಗಳ ಸಮೇತ ತೋರಿಸಿದರು. ಮಡಚುವ ಅಲಗಿನದು ಜಗ್ಗುವುದು ತೀರಾ ಅಲ್ಪ. ನಾನು ಆರಿಸಿದ್ದು, ಹಾಯಿ ಏರಿಸಿ ಎಂಜಿನ್ ನಿಲ್ಲಿಸಿದಾಗ ಅಲಗುಗಳು ನೀರಿನ ಹರಿವಿಗೆ ಅಂಚು ಕೊಟ್ಟು ನಿಲ್ಲುವಂಥದ್ದನ್ನು. ಬೆಲೆ ದುಬಾರಿ. ಆದರೆ ಹ್ಯಾಂಬಲ್ ನದಿಯ ಇಕ್ಕಟ್ಟಿನ ಮರೀನಾದಲ್ಲಿ ಹಿಂದಕ್ಕೆ ಬರುವಾಗಲೂ ಅದು ಮುಂದಿನಷ್ಟೇ ಬಿಗಿಯಾಗಿ ನೀರನ್ನು ಹಿಡಿಯುತ್ತದೆ. ಪಿಚ್ಚನ್ನೂ ನಾವೇ ಬದಲಿಸಿಕೊಳ್ಳಬಹುದು. ಚಳಿಗಾಲದಲ್ಲಿ ದೋಣಿ ಮೇಲೆತ್ತಿದಾಗ ಗ್ರೀಸ್ ತುಂಬಿ ಸತುವಿನ ಆನೋಡ್ ಬದಲಿಸುವುದನ್ನು ಮಾತ್ರ ತಪ್ಪಿಸುವಂತಿಲ್ಲ. ಸತು ಕರಗಿ ಮುಗಿದರೆ ಉಪ್ಪುನೀರು ಪ್ರೊಪೆಲರ್‌ನ ಕಂಚನ್ನೇ ತಿನ್ನತೊಡಗುತ್ತದೆ.